ಸಿವಿಲ್ ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಬಹುದಾ? ಆದವರು ಹೇಳಿ

ಪ್ರಶ್ನೆ: ನನ್ನ ತಮ್ಮ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಕೊನೆಯ ಸೆಮಿಸ್ಟರ್ ಓದುತ್ತಿದ್ದಾನೆ. ಕಾಲೇಜಿನಲ್ಲಿ ಅಪ್ರೆಂಟಿಸ್ (ಕೆಲಸ ಮಾಡುತ್ತಾ ಕಲಿಯುವ ತರಬೇತಿ) ಆಯ್ಕೆಯ ಸಂದರ್ಶನ ಇದೆಯಂತೆ. ಒಂದು ವರ್ಷ, ದುಡ್ಡು ಕಡಿಮೆ. ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಸೇರಲಿ ಅಂತ ಅಪ್ಪ ಹೇಳುತ್ತಾರೆ. ಅವನಿಗೆ ಸೈಟ್ ಕೆಲಸ ಕಲಿಯುವ ಆಸೆ. ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಸೈಟ್ ಇಂಜಿನಿಯರ್, ತುಮಕೂರು:
ಅಕ್ಕ, ನಾನು 2021ರಲ್ಲಿ ಸೇರಿದ್ದೆ. ಖಾಸಗಿ ಕಂಪನಿ, ಅಪಾರ್ಟ್‌ಮೆಂಟ್ ಸೈಟ್. ಮೊದಲ ಎರಡು ತಿಂಗಳು ಸಿಮೆಂಟ್ ಗೋಡೌನ್‌ನಲ್ಲಿ ಕೂರಿಸಿದರು. ಎಷ್ಟು ಮೂಟೆ ಬಂತು, ಎಷ್ಟು ಹೋಯಿತು, ಇಷ್ಟೇ ಬರೆಯುವುದು. ಬಿಟ್ಟು ಬಂದುಬಿಡೋಣ ಅನ್ನಿಸಿತ್ತು.

ಆಮೇಲೆ ಕಂಬಿ ಕೆಲಸದ ಮೇಸ್ತ್ರಿಯ ಜೊತೆ ಹಾಕಿದರು. ನನ್ನ ಓದು ನಿಜವಾಗಿ ಶುರುವಾಗಿದ್ದು ಅಲ್ಲಿ. ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. 16 ಎಂಎಂ ಕಂಬಿ ಅಂದರೆ ಮೀಟರಿಗೆ 1.58 ಕೆಜಿ. ಅದು ಯಾಕೆ ಬೇಕು ಅಂತ ತಿಳಿದಿದ್ದು ಲಾರಿಯ ತೂಕದ ಚೀಟಿ ಕೈಗೆ ಬಂದ ದಿನ. ಕಂಬಿ ಎಣಿಸಿ, ನಮ್ಮ ಲೆಕ್ಕ ಹಾಕಿ, ಚೀಟಿಯ ಪಕ್ಕ ಇಟ್ಟು ನೋಡಬೇಕು.

ಒಂದು ಸಂಜೆ ಸ್ಲ್ಯಾಬ್ ಹಾಕಲು ಎಲ್ಲ ಸಿದ್ಧವಾಗಿತ್ತು. ಒಂದು ಮೂಲೆಯಲ್ಲಿ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇರಲಿಲ್ಲ, ಕಂಬಿ ಸೆಂಟ್ರಿಂಗ್ ಶೀಟ್ (ಕಾಂಕ್ರೀಟ್ ಸುರಿಯುವ ಅಚ್ಚಿನ ಹಲಗೆ) ಮೇಲೇ ಕೂತಿತ್ತು. ಸ್ಲ್ಯಾಬಿಗೆ 20 ಎಂಎಂ ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪ ಕಾಂಕ್ರೀಟ್, ಬೇಕು ಅಂತ ನನಗೆ ಗೊತ್ತಿತ್ತು. ಕಣ್ಣಿಗೂ ಬಿತ್ತು. ಹೇಳಲು ಧೈರ್ಯ ಬರಲಿಲ್ಲ. ಕೊನೆಗೆ ಮೇಸ್ತ್ರಿಯೇ ನೋಡಿ ಕೆಲಸ ನಿಲ್ಲಿಸಿದರು. ನಾನೂ ನೋಡಿದ್ದೆ ಅಂತ ಗೊತ್ತಾದಾಗ, "ಕಂಡಿದ್ದನ್ನು ಹೇಳೋಕೇ ತಾನೇ ನಿನ್ನ ಇಲ್ಲಿ ಇಟ್ಟಿರೋದು" ಅಂದರು. ಅವತ್ತಿನಿಂದ ಕಾಂಕ್ರೀಟ್ ಹಾಕುವ ಮುಂಚೆ ಪ್ರತಿ ಬೇ (ಕಂಬಗಳ ನಡುವಿನ ಭಾಗ) ನಡೆದು ನೋಡುತ್ತೇನೆ.

ಹಾಗಾಗಿ ನನ್ನ ಮಾತು ಒಂದೇ. ಆ ವರ್ಷ ಅವನು ಯಾರ ಪಕ್ಕ ನಿಲ್ಲುತ್ತಾನೆ ಅನ್ನುವುದು ಕಂಪನಿಯ ಹೆಸರಿಗಿಂತ ಮುಖ್ಯ.

ದುಡ್ಡಿನ ವಿಷಯ: 2019ರಲ್ಲಿ ತಿದ್ದಿದ ನಿಯಮದಂತೆ ಡಿಪ್ಲೊಮಾದವರಿಗೆ ಆಗ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಇತ್ತು. ನನಗೆ ಸಿಕ್ಕಿದ್ದೂ ಅಷ್ಟೇ. ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು. ರೂಮ್ ಬಾಡಿಗೆ, ಊಟಕ್ಕೆ ಸಾಲಲಿಲ್ಲ, ಮನೆಯಿಂದ ತರಿಸಿಕೊಳ್ಳುತ್ತಿದ್ದೆ. ಇದನ್ನು ಮೊದಲೇ ಅಪ್ಪನ ಹತ್ತಿರ ಮಾತಾಡಿಕೊಳ್ಳಿ.

ಬಿಲ್ಲಿಂಗ್ ಇಂಜಿನಿಯರ್, ಹುಬ್ಬಳ್ಳಿ:
ನಾನು ಒಂದು ಸರ್ಕಾರಿ ಇಲಾಖೆಯ ಉಪವಿಭಾಗದಲ್ಲಿ ಮಾಡಿದೆ. ಸೈಟ್ ಕಡಿಮೆ, ಕಚೇರಿ ಜಾಸ್ತಿ. ಎಸ್ಟಿಮೇಟ್ ಹೇಗೆ ಕಟ್ಟುತ್ತಾರೆ, ಎಂ.ಬಿ. (ಅಳತೆ ಪುಸ್ತಕ) ಹೇಗೆ ಬರೆಯುತ್ತಾರೆ, ಚರಂಡಿ ಅಳತೆ ಹಿಡಿದ ಮೇಲೆ ಬಿಲ್ಲಿನ ತನಕ ಆ ಅಂಕಿ ಹೇಗೆ ಹೋಗುತ್ತದೆ, ಎಲ್ಲ ನೋಡಿದೆ. ಇವತ್ತು ನನಗೆ ಅನ್ನ ಹಾಕುತ್ತಿರುವುದು ಅದೇ ವಿದ್ಯೆ. ಹೆಣ್ಣುಮಕ್ಕಳು ಕೇಳುತ್ತಿದ್ದರೆ ಒಂದು ಮಾತು: ಸೈಟ್‌ನಲ್ಲಿ ಶೌಚಾಲಯ ಇದೆಯಾ ಅಂತ ನಾಚಿಕೆ ಇಲ್ಲದೆ ಮೊದಲೇ ಕೇಳಿ. ನಾನು ಕೇಳದೆ ಎಷ್ಟೋ ದಿನ ನೀರು ಕುಡಿಯದೆ ಕಳೆದಿದ್ದೇನೆ.

ಇನ್ನೊಂದು, ವರ್ಷ ಮುಗಿದರೆ ಅಲ್ಲೇ ಕೆಲಸ ಕೊಡುತ್ತಾರೆ ಅಂದುಕೊಳ್ಳಬೇಡಿ. ನನಗೆ ಕೊಡಲಿಲ್ಲ. ಸಿಕ್ಕಿದ್ದು ಪ್ರಮಾಣಪತ್ರ. ಅದನ್ನು ಒಂದು ವರ್ಷದ ಅನುಭವ ಅಂತ ತೋರಿಸಿಯೇ ಮುಂದಿನ ಕೆಲಸ ಹಿಡಿದೆ.

ಆದರೆ ಆ ಪತ್ರ ಬರಬೇಕಾದರೆ ಒಪ್ಪಂದ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ಎನ್‌ಎಟಿಎಸ್‌ನ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ನನ್ನ ಗೆಳತಿಯನ್ನು ಒಂದು ಸಂಸ್ಥೆ "ಅಪ್ರೆಂಟಿಸ್" ಅಂತಲೇ ಹತ್ತು ತಿಂಗಳು ದುಡಿಸಿಕೊಂಡಿತು. ನೋಂದಣಿಯೇ ಮಾಡಿಸಿರಲಿಲ್ಲ. ಸರ್ಕಾರದ ಪಾಲಿನ ದುಡ್ಡೂ ಇಲ್ಲ, ಪತ್ರವೂ ಇಲ್ಲ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸೇರಿದ ಮೊದಲ ವಾರವೇ ತಮ್ಮ ತನ್ನ ಲಾಗಿನ್‌ನಲ್ಲಿ ಒಪ್ಪಂದ ಕಾಣುತ್ತಿದೆಯಾ ಅಂತ ನೋಡಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿ.

ಬಿಇ ಮುಗಿಸಿದವರು, ಶಿವಮೊಗ್ಗ:
ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ನಾನು ಡಿಸಿಇಟಿ ಬರೆದು ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರಿದೆ. ಗಣಿತದ ಟಚ್ ಇತ್ತು, ಅದಕ್ಕೇ ಪಾರಾದೆ. ಒಂದು ವರ್ಷ ಸೈಟ್ ಕೆಲಸ ಮಾಡಿ ಬಂದ ಕ್ಲಾಸ್‌ಮೇಟ್‌ಗಳಿಗೆ ಗಣಿತ ಕಷ್ಟವಾಯಿತು, ಆದರೆ ಡ್ರಾಯಿಂಗ್ ಓದುವುದರಲ್ಲಿ ಅವರು ನಮಗಿಂತ ಎಷ್ಟೋ ಮುಂದಿದ್ದರು. ಬಿಇ ಆದ ಮೇಲೂ ಅಪ್ರೆಂಟಿಸ್ ಆಗಬಹುದು, 2019ರ ನಿಯಮದಲ್ಲಿ ಅವರಿಗೆ ಕನಿಷ್ಠ 9,000 ಇತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳಿದೆ. ಡಿಸಿಇಟಿ ಬರೆದಿಡಲಿ, ಆಯ್ಕೆಗೂ ಹೋಗಲಿ ಅಂದರು. ಸಂದರ್ಶನದಲ್ಲಿ ಅವನು ಏನು ಕೇಳಬೇಕು?

ಸೈಟ್ ಇಂಜಿನಿಯರ್, ತುಮಕೂರು:
ಯಾವ ಸೈಟ್, ಕೆಲಸ ಈಗ ಯಾವ ಹಂತದಲ್ಲಿದೆ ಅಂತ ಕೇಳಲಿ. ಪಾಯದಿಂದ ಸ್ಲ್ಯಾಬ್ ತನಕ ನಡೆಯುವ ಸೈಟ್ ಸಿಕ್ಕರೆ ಅದೃಷ್ಟ. ಟೈಲ್ಸ್, ಪೇಂಟ್ ಮಾತ್ರ ಉಳಿದಿದ್ದರೆ ಕಲಿಯುವುದು ಕಡಿಮೆ. ಆಟೋ ಲೆವೆಲ್, ಟೋಟಲ್ ಸ್ಟೇಷನ್ ತರಹದ ಸರ್ವೆ ಉಪಕರಣ ಮುಟ್ಟಲು ಬಿಡುತ್ತಾರಾ, 7 ದಿನ ಮತ್ತು 28 ದಿನದ ಕ್ಯೂಬ್ ಟೆಸ್ಟ್ (ಕಾಂಕ್ರೀಟಿನ ಬಲ ನೋಡುವ ಪರೀಕ್ಷೆ) ಅಲ್ಲೇ ಮಾಡುತ್ತಾರಾ, ಇದನ್ನೂ ಕೇಳಲಿ. ಗೋಡೌನ್ ಕೆಲಸ ಕೊಟ್ಟರೆ ಎಷ್ಟು ದಿನ ಅಂತ ವಿನಯದಿಂದಲೇ ಕೇಳಬಹುದು, ತಪ್ಪೇನಿಲ್ಲ.

ಹೋಗುವಾಗ 5 ಮೀಟರ್ ಟೇಪ್, ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ ಕೊಡಿಸಿ. ಹೆಲ್ಮೆಟ್, ಸೇಫ್ಟಿ ಶೂ ಕಂಪನಿಯೇ ಕೊಡಬೇಕು. ಕೊಡುವ ತನಕ ಚಪ್ಪಲಿಯಲ್ಲಿ ಸೆಂಟ್ರಿಂಗ್ ಹತ್ತಬೇಡ ಅಂತ ಹೇಳಿ ಅಕ್ಕ. ಮೊಳೆ ಚುಚ್ಚಿಸಿಕೊಂಡವರನ್ನು ತುಂಬಾ ನೋಡಿದ್ದೇನೆ.