ಬೆಳಕಿರುವ ಎರಡು ಗಂಟೆ ಹೊಲಿಗೆಗೋ, ಓದಿಗೋ?

ಸೂಜಿಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ನನಗೀಗ 68. ಕೆಲಸದಿಂದ ನಿವೃತ್ತಿ ಆಗಿ ಮನೆಯಲ್ಲಿದ್ದೇನೆ. ಹೊತ್ತು ಹೋಗುವುದಿಲ್ಲ ಅಂತ ಕೊರಗುವವರ ಸಾಲಿಗೆ ನಾನು ಸೇರಿಲ್ಲ. ನನ್ನ ತಕರಾರು ಬೇರೆ. ಹೊತ್ತು ಬೇಕಾದಷ್ಟಿದೆ, ಕಣ್ಣು ಸಾಲುತ್ತಿಲ್ಲ.

ನನಗೆ ನಾಲ್ಕು ಹುಚ್ಚು. ತೂತು ತೂತಿನ ಕ್ಯಾನ್ವಾಸ್ ಬಟ್ಟೆಯ ಮೇಲೆ ಉಲ್ಲನ್ನಿನಲ್ಲಿ ಹೊಲಿಯುವ ನೀಡಲ್‌ಪಾಯಿಂಟ್, ಅಡುಗೆ, ಓದು, ಗೆಳತಿಯರ ಜೊತೆ ಹರಟೆ. ಮೊದಲು ಇವು ಒಂದರ ತಂಟೆಗೆ ಇನ್ನೊಂದು ಹೋಗುತ್ತಿರಲಿಲ್ಲ. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಹರಟೆ, ಸಂಜೆ ದೀಪ ಹಾಕಿಕೊಂಡು ಹೊಲಿಗೆ, ಮಲಗುವ ಮುಂಚೆ ಓದು. ಈಗ ಸಂಜೆಯಾದರೆ ಕ್ಯಾನ್ವಾಸಿನ ತೂತುಗಳು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಪುಸ್ತಕ ಹಿಡಿದರೆ ಎರಡು ಪುಟಕ್ಕೇ ಉರಿ. ಕಣ್ಣು ಹೇಳಿದ ಮಾತು ಕೇಳುವುದು ಬೆಳಿಗ್ಗೆ ತಿಂಡಿ ಆದಮೇಲೆ ಒಂದೆರಡು ಗಂಟೆ, ಅದೂ ಕಿಟಕಿ ಪಕ್ಕ ಕೂತರೆ ಮಾತ್ರ. ಆ ಎರಡು ಗಂಟೆಗೇ ಹೊಲಿಗೆಯೂ ಬೇಕು, ಪುಸ್ತಕವೂ ಬೇಕು. ಅದೇ ಹೊತ್ತಿಗೆ ತರಕಾರಿಯೂ ಹೆಚ್ಚಬೇಕು.

ಸದ್ಯ ಕೈಯಲ್ಲಿರುವುದು ದಿಂಬಿನ ಕವರ್. ಇಂಚಿಗೆ 14 ಕಣ್ಣಿನ, ಅಂದರೆ 14 ತೂತಿನ ಕ್ಯಾನ್ವಾಸ್, ಅಂದರೆ ಒಂದು ಚದರ ಇಂಚಿಗೆ 196 ಹೊಲಿಗೆ. ಹಕ್ಕಿಯ ರೆಕ್ಕೆಗೆ ಬಂದು ನಿಂತಿದ್ದೇನೆ. ಬೂದು ಬಣ್ಣದಲ್ಲೇ ಐದು ಛಾಯೆ, ಒಂದು ಗರಿಗೂ ಇನ್ನೊಂದು ಗರಿಗೂ ನಡುವೆ ಒಂದೇ ಸಾಲು ಕಡುನೀಲಿ. ಆ ನೀಲಿಯೂ ಪಕ್ಕದ ಕಪ್ಪೂ ಸಂಜೆ ನನಗೆ ಒಂದೇ.

ಕಣ್ಣಿನ ಡಾಕ್ಟರಿಗೆ ತೋರಿಸಿದ್ದೇನೆ. ಪೊರೆ ಶುರುವಾಗಿದೆ, ಈಗಲೇ ಆಪರೇಷನ್ ಬೇಕಾಗಿಲ್ಲ ಎಂದರು. ಮಗಳು, “ಅಮ್ಮಾ, ಎರಡರಲ್ಲಿ ಒಂದು ಬಿಡು, ಏನಾಗುತ್ತೆ?” ಅನ್ನುತ್ತಾಳೆ. ಅವಳ ಲೆಕ್ಕದಲ್ಲಿ ಎರಡೂ ಕೂತು ಮಾಡುವ ಕೆಲಸ, ಯಾವುದಾದರೇನು!

ನೀವೆಲ್ಲ ಹೇಗೆ ಹೊಂದಿಸಿಕೊಂಡಿದ್ದೀರಿ? ಒಂದನ್ನು ಬಿಡಿ ಎನ್ನುವ ಸಲಹೆ ಮಾತ್ರ ಬೇಡ. ಅದನ್ನು ಕೊಡುವವರು ಮನೆಯಲ್ಲೇ ಇದ್ದಾರೆ.

ಹಳೇ ಕನ್ನಡಕ:

ಅಕ್ಕ, ಬಹಳ ವರ್ಷ ಕನ್ನಡಕದ ಅಂಗಡಿಯಲ್ಲಿ ಕೂತವನು ನಾನು. ನಿಮ್ಮ ಡಾಕ್ಟರ ಮಾತಿಗೆ ಎದುರು ಹೇಳುವುದಿಲ್ಲ. ಅವರು ಕೇಳಿರದ ಒಂದು ಪ್ರಶ್ನೆ ಕೇಳುತ್ತೇನೆ. ಹೊಲಿಯುವಾಗ ಕ್ಯಾನ್ವಾಸ್ ಕಣ್ಣಿನಿಂದ ಎಷ್ಟು ದೂರ ಇರುತ್ತದೆ? ಒಂದು ದಾರ ತೆಗೆದುಕೊಂಡು ಮೂಗಿನ ಮೇಲಿಂದ ಕ್ಯಾನ್ವಾಸಿಗೆ ಅಳೆಯಿರಿ. ಪುಸ್ತಕಕ್ಕೂ ಹಾಗೇ ಮಾಡಿ.

ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರಕ್ಕೆ ಲೆಕ್ಕ ಹಾಕುತ್ತಾರೆ. ನಿಮ್ಮ ದೂರದ ನಂಬರಿನ ಮೇಲೆ 2.5 ಪವರ್ ಸೇರಿದರೆ ಆ ದೂರ ಬರುತ್ತದೆ. 50 ಸೆಂ.ಮೀ.ಗೆ 2 ಸಾಕು. ಲೆಕ್ಕ ಸುಲಭ, 100ನ್ನು ಸೆಂಟಿಮೀಟರಿನಿಂದ ಭಾಗಿಸಿ. ನಮ್ಮ ವಯಸ್ಸಿಗೆ ಕಣ್ಣಿನೊಳಗಿನ ಲೆನ್ಸ್ ಗಟ್ಟಿಯಾಗಿ, ದೂರಕ್ಕೆ ತಕ್ಕ ಹಾಗೆ ತಾನೇ ಬದಲಾಗುವುದನ್ನು ಬಿಟ್ಟಿರುತ್ತದೆ. ಹಾಗಾಗಿ ಹತ್ತು ಸೆಂಟಿಮೀಟರ್ ಆಚೀಚೆ ಆದರೂ ಮಂಜು.

ಇನ್ನು ಬೆಳಕು. 60ರ ಕಣ್ಣಿನ ಹಿಂಪರದೆಗೆ (ರೆಟಿನಾಗೆ) ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು. ಪಾಪೆ ಚಿಕ್ಕದಾಗಿರುತ್ತದೆ, ಲೆನ್ಸ್ ಹಳದಿಯಾಗಿರುತ್ತದೆ. ಅದಕ್ಕೆ ಛಾವಣಿಯ ದೀಪ ನಂಬಬೇಡಿ. ಕುತ್ತಿಗೆ ಬಗ್ಗಿಸುವ ಟೇಬಲ್ ದೀಪವನ್ನು ಹತ್ತಿರ ತನ್ನಿ. ದೂರ ಅರ್ಧ ಆದರೆ ಬೆಳಕು ಸುಮಾರು ನಾಲ್ಕು ಪಟ್ಟು. ಬಲಗೈಯವರಾದರೆ ಎಡಗಡೆ ಇಡಿ, ಇಲ್ಲವಾದರೆ ನಿಮ್ಮ ಕೈಯ ನೆರಳೇ ತೂತಿನ ಮೇಲೆ ಬೀಳುತ್ತದೆ.

ಕಡುನೀಲಿ ಕಪ್ಪಾಗಿ ಕಾಣುವುದೂ ಆ ಹಳದಿ ಲೆನ್ಸಿನ ಕೆಲಸವೇ. ನೀಲಿ ಬೆಳಕನ್ನು ಅದು ತಡೆಯುತ್ತದೆ. ಪೊರೆ ತೆಗೆಸಿದವರು ಮೊದಲು ಹೇಳುವ ಮಾತೇ “ನೀಲಿ ಇಷ್ಟು ನೀಲಿ ಇತ್ತಾ?” ಅಂತ. ಅಲ್ಲಿಯವರೆಗೆ ಹಗಲಲ್ಲಿ ದಾರ ವಿಂಗಡಿಸಿ ಬಣ್ಣದ ಹೆಸರು ಬರೆದ ಚೀಟಿ ಕಟ್ಟಿಬಿಡಿ.

ಸೂಜಿಮಲ್ಲಿಗೆ:

ಸಾರ್, ಅಳೆದೆ. ಪುಸ್ತಕ 39 ಸೆಂ.ಮೀ., ಕ್ಯಾನ್ವಾಸ್ 55! ಕ್ಯಾನ್ವಾಸ್ ಬಿಗಿದಿಡುವ ಫ್ರೇಮು ನನ್ನದು ಕಾಲಿರುವಂಥದ್ದು, ನೆಲದ ಮೇಲೆ ನಿಲ್ಲುತ್ತದೆ. ಎರಡು ಕೈಯೂ ಬಿಡುವಾಗಿರಲಿ, ಒಂದು ಮೇಲೆ ಒಂದು ಕೆಳಗೆ ಇಟ್ಟುಕೊಂಡು ಹೊಲಿಯಬಹುದು ಅಂತ ತಂದದ್ದು. ಹೆಬ್ಬೆರಳ ಬುಡ ನೋಯುವುದು ಅದರಿಂದ ಕಮ್ಮಿಯಾಯಿತು ನಿಜ. ಆದರೆ ಓದುವ ಕನ್ನಡಕದಲ್ಲಿ ಆ ದೂರ ನೋಡಲು ಇಷ್ಟು ದಿನ ಒದ್ದಾಡುತ್ತಿದ್ದೆ ಅಂತ ಈಗ ಗೊತ್ತಾಯಿತು. ಫ್ರೇಮ್ ಹತ್ತಿರ ಎಳೆದರೆ ಮೊಣಕಾಲಿಗೆ ತಾಗುತ್ತದೆ. ಹೊಲಿಗೆಗೇ ಒಂದು ಕನ್ನಡಕ ಮಾಡಿಸುತ್ತೇನೆ. ಮೇಜಿನ ದೀಪವನ್ನು ಈಗಾಗಲೇ ಎಡಕ್ಕೆ ತಂದಾಯಿತು.

ಗಂಟುದಾರ:

ನಾನು ನಿಮಗಿಂತ ಹಿರಿಯಳು, 74, ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಒಂದೇ ಕ್ಯಾನ್ವಾಸ್ ಹಿಡಿದು ಕೂರಬೇಡ ತಂಗಿ. ಎರಡು ಇಟ್ಟುಕೋ. ಒಂದು ಕಣ್ಣಿನ ಕೆಲಸ, ಇನ್ನೊಂದು ಕೈಯ ಕೆಲಸ.

ರೆಕ್ಕೆ, ಮುಖ, ಬಣ್ಣ ಬದಲಾಗುವ ಕಡೆ ಎಲ್ಲ ಕಣ್ಣಿನ ಕೆಲಸ. ಅದು ಬೆಳಗಿನದು. ಹಿನ್ನೆಲೆ ತುಂಬುವುದು ಕೈಯ ಕೆಲಸ, ಅದು ಯಾವಾಗಲಾದರೂ ಆಗುತ್ತದೆ. ಎರಡನೆಯದಕ್ಕೆ ಇಂಚಿಗೆ 10 ಕಣ್ಣಿನ ಕ್ಯಾನ್ವಾಸ್ ತೆಗೆದುಕೋ. ಚದರ ಇಂಚಿಗೆ 100 ಹೊಲಿಗೆ, ನಿನ್ನ ಹಕ್ಕಿಗೆ ಬೇಕಾದ್ದರಲ್ಲಿ ಅರ್ಧಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ. ಸೂಜಿ 18ನೇ ನಂಬರ್. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ, ಅದು ನೆನಪಿರಲಿ. ಮೊಂಡು ಮೂತಿಯದೇ ಇರಬೇಕು, ಚೂಪಾದರೆ ಕ್ಯಾನ್ವಾಸಿನ ಎಳೆಯನ್ನೇ ಸೀಳುತ್ತದೆ.

ಹಿನ್ನೆಲೆಗೆ ಬ್ಯಾಸ್ಕೆಟ್‌ವೀವ್ ಹೊಲಿಗೆ ಮಾಡು. ಓರೆಯಾಗಿ ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು. ಕ್ಯಾನ್ವಾಸ್ ತಿರುಗಿಸುವ ಗೋಜಿಲ್ಲ. ಅಡ್ಡಸಾಲಿನ ಕಾಂಟಿನೆಂಟಲ್ ಹೊಲಿಗೆ ಕ್ಯಾನ್ವಾಸನ್ನು ಒಂದೇ ಕಡೆ ಎಳೆದು ಸೊಟ್ಟ ಮಾಡುತ್ತದೆ, ಇದು ಅಷ್ಟು ಮಾಡುವುದಿಲ್ಲ. ಕ್ಯಾನ್ವಾಸಿನ ಎಳೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ನಿಂತ ಎಳೆ ಮೇಲಿದ್ದರೆ ಕೆಳಕ್ಕೆ ಹೋಗುವ ಸಾಲು, ಮಲಗಿದ ಎಳೆ ಮೇಲಿದ್ದರೆ ಮೇಲಕ್ಕೆ ಹೋಗುವ ಸಾಲು. ಎಲ್ಲರೂ ಹೇಳುವುದು ಇದನ್ನೇ, ಆದರೆ ಮಬ್ಬುಗಣ್ಣಿಗೆ ಅದು ಕಾಣಬೇಕಲ್ಲ! ಅದಕ್ಕೆ ನಾನು ಸಾಲು ಮುಗಿಸಿ ಏಳುವುದಿಲ್ಲ. ನಡುವೆಯೇ ಸೂಜಿ ಬಿಟ್ಟು ಏಳುತ್ತೇನೆ. ಮತ್ತೆ ಕೂತಾಗ ಯಾವ ಕಡೆ ಹೋಗುತ್ತಿದ್ದೆ ಅಂತ ಸೂಜಿಯೇ ಹೇಳುತ್ತದೆ. ಒಂದೇ ದಿಕ್ಕಿಗೆ ಎರಡು ಸಾಲು ಪಕ್ಕಪಕ್ಕ ಬಿದ್ದರೆ ಮುಂಭಾಗದಲ್ಲಿ ಗೆರೆ ಎದ್ದು ಕಾಣುತ್ತದೆ, ಹೊಳೆಯುವ ದೀಪದಲ್ಲಂತೂ ಮುಚ್ಚಿಡಲಾಗದು.

ಸೂಜಿ ಪೋಣಿಸುವುದನ್ನೂ ಬೆಳಿಗ್ಗೆಯೇ ಮುಗಿಸು. ಉಲ್ಲನ್ನಿನ ತುದಿಯನ್ನು ನೆಕ್ಕಿ ಚೂಪು ಮಾಡುವುದೆಲ್ಲ ಬೇಡ. ದಾರವನ್ನು ಸೂಜಿಯ ಮೇಲೆ ಮಡಚಿ, ಹೆಬ್ಬೆರಳು ತೋರುಬೆರಳ ನಡುವೆ ಗಟ್ಟಿ ಹಿಸುಕಿ ಸೂಜಿಯನ್ನು ಹೊರಗೆ ಎಳೆ. ಬೆರಳ ನಡುವೆ ಮಡಿಕೆಯ ತುದಿ ಮಾತ್ರ ಇಣುಕುತ್ತಿರಬೇಕು. ಈಗ ಸೂಜಿಯ ಕಣ್ಣನ್ನು ಅದರ ಮೇಲೆ ಒತ್ತು, ದಾರ ತಾನೇ ಒಳಗೆ ಬರುತ್ತದೆ. ಹೀಗೆ ಒಂದಷ್ಟು ಸೂಜಿ ಪೋಣಿಸಿ ಪಿನ್‌ದಿಂಬಿಗೆ ಚುಚ್ಚಿಟ್ಟರೆ ಸಂಜೆಗೆ ಸಾಕು. ದಾರ 45 ಸೆಂ.ಮೀ. ಮೀರಬಾರದು. ಉದ್ದ ಇದ್ದಷ್ಟೂ ತೂತಿನಲ್ಲಿ ಉಜ್ಜಿ ಉಜ್ಜಿ ಜಾಳಾಗುತ್ತದೆ.

ಓದಿನ ಮಾತು. ಹಿನ್ನೆಲೆ ತುಂಬುವಾಗ ಆಡಿಯೋ ಪುಸ್ತಕ ಹಾಕಿಕೋ. ಕಥೆ ಚೆನ್ನಾಗಿ ಹೋಗುತ್ತದೆ. ತಲೆ ಕೆರೆದುಕೊಂಡು ಓದುವಂಥದ್ದು ಹೋಗುವುದಿಲ್ಲ, ಅದನ್ನು ಬೆಳಗಿಗೇ ಇಟ್ಟುಕೋ.

ಅಡುಗೆ ಅಜ್ಜ:

ಮೇಡಂ, ನಿಮ್ಮ ಬೆಳಗಿನ ಎರಡು ಗಂಟೆಯಿಂದ ಮೊದಲು ಅಡುಗೆಯನ್ನು ಆಚೆ ಕಳಿಸಿ. ಅಡುಗೆಗೆ ಮೂಗಿದೆ, ಕಿವಿಯಿದೆ, ಕೈಯಿದೆ. ಎಣ್ಣೆ ಕಾದದ್ದು ಸದ್ದಿನಲ್ಲೇ ಗೊತ್ತಾಗುತ್ತದೆ. ಬೇಳೆ ಬೆಂದದ್ದು ಸೌಟು ತಿರುವಿದರೆ ಗೊತ್ತಾಗುತ್ತದೆ. ಬೆಳಕು ಬೇಕಾದ್ದು ಚಾಕುವಿಗೆ ಮಾತ್ರ. ಅದಕ್ಕೂ ಉಪಾಯ ಇದೆ. ನಾನು ಎರಡು ಮಣೆ ಇಟ್ಟುಕೊಂಡಿದ್ದೇನೆ, ಒಂದು ಬಿಳಿ, ಒಂದು ಕಪ್ಪು. ಈರುಳ್ಳಿ ಕಪ್ಪರ ಮೇಲೆ, ಸೊಪ್ಪು ಬಿಳಿಯ ಮೇಲೆ. ತರಕಾರಿಯ ಅಂಚು ಎದ್ದು ಕಂಡರೆ ಬೆರಳು ಉಳಿಯುತ್ತದೆ.

ಹೆಂಡತಿಗೆ ಹುಷಾರಿಲ್ಲದಾಗ ಅಡುಗೆಮನೆಗೆ ಕಾಲಿಟ್ಟವನು ನಾನು, ಆಮೇಲೆ ಆಚೆ ಬಂದಿಲ್ಲ. ಒಬ್ಬರಿಗೆ, ಇಬ್ಬರಿಗೆ ದಿನಾ ಮೂರು ಹೊತ್ತು ಒಲೆ ಹಚ್ಚುವುದು ನನಗೆ ಒಪ್ಪುವುದಿಲ್ಲ. ಎರಡು ದಿನಕ್ಕಾಗುವಷ್ಟು ಮಾಡಿ. ಅಗಲವಾದ ಪಾತ್ರೆಗೆ ತೆಳುವಾಗಿ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಫ್ರಿಜ್ 5 ಡಿಗ್ರಿಗಿಂತ ಕೆಳಗಿರಲಿ. ಅನ್ನದ ವಿಷಯದಲ್ಲಂತೂ ಅಲಕ್ಷ್ಯ ಬೇಡ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಕೂತಿದ್ದರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವ ಭರವಸೆ ಇಲ್ಲ.

ಉಪ್ಪನ್ನು ಮಾತ್ರ ಅಂದಾಜಿಗೆ ಬಿಡಬೇಡಿ. ವಯಸ್ಸಾದಂತೆ ಮೂಗು ಮಂಕಾಗುತ್ತದೆ, ರುಚಿ ಸಾಲದು ಅನ್ನಿಸಿ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ. ನಾನು ಚಮಚದಲ್ಲೇ ಅಳೆಯುತ್ತೇನೆ, ಹುಳಿ ಸ್ವಲ್ಪ ಜಾಸ್ತಿ ಹಾಕುತ್ತೇನೆ.

ಸೂಜಿಮಲ್ಲಿಗೆ:

ಅಜ್ಜ ಅಂತ ಹೆಸರಿಟ್ಟುಕೊಂಡಿದ್ದೀರಿ, ನನ್ನ ಓರಗೆಯವರೇ ಇರಬೇಕು! ಮಣೆಯ ವಿಷಯ ಕೂಡಲೇ ಒಪ್ಪಿದೆ. ಎರಡು ದಿನದ ಅಡುಗೆಯನ್ನು ಅರ್ಧ ಒಪ್ಪುತ್ತೇನೆ. ಬೇಳೆ, ಕಾಳು ಬೇಯಿಸಿ ಇಟ್ಟುಕೊಳ್ಳುತ್ತೇನೆ. ಆದರೆ ದಿನಕ್ಕೆ ಒಂದಾದರೂ ಬಾಣಲೆ ಹೊಸದಾಗಿ ಒಲೆ ಮೇಲೆ ಏರಬೇಕು. ನನಗೆ ಅಡುಗೆ ಅಂದರೆ ಊಟ ಮಾತ್ರ ಅಲ್ಲ. ಬಿಸಿ ಎಣ್ಣೆಗೆ ಏನಾದರೂ ಬಿದ್ದಾಗ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದಲ್ಲ, ಅದು ಬೇಕು. ಫ್ರಿಜ್ಜಿನ ಡಬ್ಬಿ ಆ ಸದ್ದು ಮಾಡುವುದಿಲ್ಲ.

ಗಂಟುದಾರ ಅಕ್ಕ, ಎರಡನೇ ಕ್ಯಾನ್ವಾಸ್ ತರುತ್ತೇನೆ. ಅದನ್ನು ಮಧ್ಯಾಹ್ನ ಗೆಳತಿಯರು ಬಂದಾಗ ಹಿಡಿಯಬಹುದು ಅಲ್ವಾ? ನಾವು ಮೂವರು. ಅವರಲ್ಲಿ ಒಬ್ಬಳಿಗೆ ಇತ್ತೀಚೆಗೆ ಕಿವಿ ಮಂದ. ಎಷ್ಟು ಜೋರಾಗಿ ಹೇಳಿದರೂ “ಏನಂದೆ?” ಅನ್ನುತ್ತಾಳೆ, ಇಲ್ಲವಾದರೆ ಸುಮ್ನೆ ನಗುತ್ತಾಳೆ. ಆ ನಗು ನನಗೆ ಸಂಕಟ.

ಪುಟ ಮಡಚಿದವಳು:

ನನ್ನ ಅಕ್ಕನಿಗೂ ಹೀಗೇ ಇತ್ತು, ಈಗ ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದಾರೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ತಾರಕದ ಸದ್ದುಗಳು. ಮಾತಿನಲ್ಲಿ ಸ, ಶ, ತ, ಫ ಇಂಥವು ಬಿದ್ದುಹೋಗುತ್ತವೆ, ಸ್ವರ ಮಾತ್ರ ಉಳಿಯುತ್ತದೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಿರುಚಿದರೆ ಸ್ವರ ಇನ್ನೂ ದೊಡ್ಡದಾಗುತ್ತದೆ ಅಷ್ಟೇ. ನಿಧಾನವಾಗಿ, ಮುಖ ತೋರಿಸಿ ಮಾತಾಡಬೇಕು. ಫ್ಯಾನು, ಟೀವಿ ಆರಿಸಬೇಕು.

ನೀವು ಕಿಟಕಿ ಪಕ್ಕ ಕೂರುತ್ತೇನೆ ಅಂದಿರಿ. ಕಿಟಕಿಗೆ ಬೆನ್ನು ಹಾಕಿ ಕೂರುತ್ತೀರಾ? ಹಾಗಿದ್ದರೆ ಕ್ಯಾನ್ವಾಸಿಗೆ ಬೆಳಕು ಸಿಗುತ್ತದೆ, ಆದರೆ ನಿಮ್ಮ ಮುಖ ಎದುರಿನವರಿಗೆ ಕಪ್ಪು. ತುಟಿ ಕಾಣುವುದೇ ಇಲ್ಲ. ಜೊತೆಗೆ ತಲೆ ಬಗ್ಗಿಸಿ ಹೊಲಿಯುತ್ತ ಮಾತಾಡಿದರೆ ಮಾತೆಲ್ಲ ಮಡಿಲಿಗೆ ಬೀಳುತ್ತದೆ. ಕಿಟಕಿ ನಿಮ್ಮ ಎಡಕ್ಕೆ ಬರುವ ಹಾಗೆ ಕುರ್ಚಿ ತಿರುಗಿಸಿ, ಆ ಗೆಳತಿಯನ್ನು ಎದುರಿಗೆ ಕೂರಿಸಿ. ಹೇಳುವುದಿದ್ದಾಗ ಸೂಜಿ ನಿಲ್ಲಿಸಿ, ತಲೆ ಎತ್ತಿ. ಕಿವಿ ಪರೀಕ್ಷೆಗೆ ಅವರನ್ನು ಕರೆದುಕೊಂಡು ಹೋಗುವುದಂತೂ ಬಿಡಬೇಡಿ. ಸುಮ್ನೆ ನಗುವವರು ನಿಧಾನಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ.

ನಮ್ಮಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರ ಕೈಯಲ್ಲಿ ಏನಾದರೂ ಕೆಲಸ. ಓದುವವರ ಕೈಗೆ 16ರಿಂದ 18 ಪಾಯಿಂಟಿನ ದಪ್ಪಕ್ಷರದ ಪುಸ್ತಕ, ಇಲ್ಲವೇ ಅಕ್ಷರ ದೊಡ್ಡದು ಮಾಡಬಹುದಾದ ಇ-ರೀಡರ್. ಕಿವಿ ಮಂದ ಇರುವವರಿಗೇ ಓದುವ ಕೆಲಸ ಕೊಟ್ಟು ನೋಡಿ. ಅವರು ಕೇಳಿಸಿಕೊಳ್ಳಲು ಕಷ್ಟಪಡಬೇಕಾಗಿಲ್ಲ.

ಸೂಜಿಮಲ್ಲಿಗೆ:

ಇದು ನನಗೆ ಹೊಳೆದೇ ಇರಲಿಲ್ಲ. ಅವಳು ಟೀಚರ್ ಆಗಿದ್ದವಳು, ದನಿ ಈಗಲೂ ಖಣಖಣ. ನಿನ್ನೆ ಕುರ್ಚಿ ತಿರುಗಿಸಿ, ಅವಳ ಕೈಗೆ ಪುಸ್ತಕ ಕೊಟ್ಟೆ. ಇನ್ನೊಬ್ಬ ಗೆಳತಿ ಎಂದೂ ಬಾಯಿ ಮುಚ್ಚುವವಳಲ್ಲ, ಅವಳೂ ಸುಮ್ಮನೆ ಕೂತು ಕೇಳಿದಳು. ಅಧ್ಯಾಯ ಮುಗಿದಮೇಲೆ ಕಥೆಯ ನಾಯಕಿ ಮಾಡಿದ್ದು ಸರಿಯೋ ತಪ್ಪೋ ಅಂತ ಇಬ್ಬರಿಗೂ ದೊಡ್ಡ ಜಗಳ. ಟೀ ಆರಿಹೋಯಿತು.

ಹಾಗಾಗಿ ಈಗಿನ ವ್ಯವಸ್ಥೆ: ಬೆಳಿಗ್ಗೆ ರೆಕ್ಕೆ ಮತ್ತು ಸೂಜಿ ಪೋಣಿಸುವುದು, ತಲೆ ಕೆರೆದುಕೊಂಡು ಓದುವ ಪುಸ್ತಕವಿದ್ದ ದಿನ ರೆಕ್ಕೆಗೆ ರಜೆ. ಸಂಜೆ ಒಲೆ. ಕಥೆ ಪುಸ್ತಕ ಗೆಳತಿಯ ಬಾಯಲ್ಲಿ. ಮಗಳಿಗೆ ಹೇಳಿದೆ, “ಯಾವುದನ್ನೂ ಬಿಟ್ಟಿಲ್ಲ ನೋಡು” ಅಂತ. “ಕನ್ನಡಕ ಇನ್ನೊಂದು ಜಾಸ್ತಿ ಆಯ್ತು, ಅದನ್ನೂ ನಾನೇ ಹುಡುಕಿಕೊಡಬೇಕು” ಅಂದಳು.

ಗಂಟುದಾರ ಅಕ್ಕ, ಒಂದು ಕೊನೆಯ ಪ್ರಶ್ನೆ. ಹಕ್ಕಿಯ ಕ್ಯಾನ್ವಾಸ್ ಆಗಲೇ ಒಂದು ಕಡೆಗೆ ವಾಲಿದೆ, ಶುರುವಿನಲ್ಲಿ ಕಾಂಟಿನೆಂಟಲ್ ಹಾಕಿದ್ದೆ. ನೇರವಾಗುತ್ತದಾ?

ಗಂಟುದಾರ:

ಆಗುತ್ತದೆ. ಪೂರ್ತಿ ಮುಗಿದಮೇಲೆ ಮಾಡು. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒತ್ತಿ ನೋಡು, ಬಣ್ಣ ಬಿಡುವುದಿದ್ದರೆ ನೀರು ಮುಟ್ಟಿಸಬೇಡ. ಬಿಡದಿದ್ದರೆ ನೀರು ಚಿಮುಕಿಸಿ, ಹಲಗೆಯ ಮೇಲೆ ಚೌಕ ಗೆರೆ ಹಾಕಿ, ಸೊಟ್ಟಗಾದ ಮೂಲೆಯನ್ನು ಎದುರು ದಿಕ್ಕಿಗೆ ಎಳೆದು ಸುತ್ತಲೂ ಪಿನ್ ಹೊಡಿ. ತುಕ್ಕು ಹಿಡಿಯದ ಪಿನ್ ಇರಲಿ. ಪೂರ್ತಿ ಒಣಗುವವರೆಗೆ ತೆಗೆಯಬೇಡ, ಬೆರಳಿಗೆ ಒಣಗಿದ ಹಾಗೆ ಅನ್ನಿಸಿದರೂ ಒಳಗೆ ಉಲ್ಲನ್ ತಂಪಾಗಿರುತ್ತದೆ. ಒಂದು ಸಲಕ್ಕೆ ಸರಿಹೋಗದಿದ್ದರೆ ಇನ್ನೊಂದು ಸಲ ಮಾಡು. ಅಂಚಿನ ಎಳೆ ಬಿಚ್ಚದ ಹಾಗೆ ಟೇಪ್ ಹಚ್ಚಿದ್ದೀಯಾ ತಾನೆ?