ಬೋನ್ಸಾಯ್ ಕುಂಡ ನಾವೇ ಮಾಡೋದು: ಸೊಟ್ಟಗಾಗಿದ್ದು, ಸೀಳಿದ್ದು, ಗ್ಲೇಜ್ ಇಳಿದುಹೋಗಿದ್ದು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಏಳೆಂಟು ವರ್ಷದಿಂದ ಬೋನ್ಸಾಯ್ ಬೆಳೆಸುತ್ತಿದ್ದೇನೆ, ಮಣ್ಣಿನ ಕೆಲಸ ಮಾತ್ರ ಹೊಸದು. ಈವರೆಗೆ ನಾಲ್ಕು ಕುಂಡ ಮಾಡಿದೆ. ಉದ್ದನೆಯವು ಎರಡು ದೋಣಿ ಹಾಗೆ ತುದಿ ಎತ್ತಿಕೊಂಡವು. ಮೂರನೆಯದರ ತಳ ಒಂದು ತೂತಿನಿಂದ ಇನ್ನೊಂದು ತೂತಿಗೆ ಸೀಳಿತು. ನಾಲ್ಕನೆಯದು ಚೆನ್ನಾಗಿ ಬಂತು ಅಂತ ಕಿಲ್ನ್ (ಕುಂಡ ಸುಡುವ ಗೂಡು) ತೆಗೆದರೆ ಗ್ಲೇಜ್ (ಗಾಜಿನಂಥ ಲೇಪ) ಇಳಿದು ಗೂಡಿನ ತಟ್ಟೆಗೆ ಅಂಟಿಕೊಂಡಿತ್ತು, ಬಿಡಿಸುವಾಗ ಒಂದು ಕಾಲು ಮುರಿಯಿತು. ಕರೆಂಟ್ ಕಿಲ್ನ್, ಕೋನ್ 6ರ ತನಕ ಹೋಗುತ್ತದೆ (ಕೋನ್ ಅಂದರೆ ಬಿಸಿ ಅಳೆಯಲು ಒಳಗಿಡುವ, ಬಿಸಿಗೆ ಬಾಗುವ ಸಣ್ಣ ಮಣ್ಣಿನ ಗೂಟ). ಮಾಡಿ ಕೈ ಸುಟ್ಟುಕೊಂಡವರು ಯಾರಾದರೂ ಹೇಳಿ.

ಉತ್ತರ 1:

ದೋಣಿ ಆಗೋದು ಎಲ್ಲರ ಮೊದಲ ಕುಂಡದ ಹಣೆಬರಹ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಮೊದಲ ಆರರಲ್ಲಿ ಐದು ಹೀಗೇ ಹೋದವು.

ನೀವು ಸ್ಲ್ಯಾಬ್ (ಮಣ್ಣಿನ ಹಾಳೆ) ಲಟ್ಟಿಸಿದ ಮೇಲೆ ಅದನ್ನು ಹೇಗೆ ಎತ್ತುತ್ತೀರಿ? ಎರಡು ತುದಿ ಕೈಯಲ್ಲಿ ಹಿಡಿದು ಎತ್ತಿದರೆ ನಡುವೆ ಜೋಲುತ್ತದೆ. ಆಮೇಲೆ ಎಷ್ಟೇ ತಟ್ಟಿ ನೇರ ಮಾಡಿದರೂ ಮಣ್ಣು ಆ ಬಾಗನ್ನು ಮರೆಯುವುದಿಲ್ಲ. ಒಣಗುವಾಗ ಸುಮ್ಮನಿದ್ದು, ಕಿಲ್ನ್ ಒಳಗೆ ನೆನಪು ಮಾಡಿಕೊಂಡು ಬಾಗುತ್ತದೆ. ಅದಕ್ಕೇ ಬಟ್ಟೆಯ ಮೇಲೆ ಲಟ್ಟಿಸಿ, ಮೇಲೊಂದು ಹಲಗೆ ಇಟ್ಟು, ಹಲಗೆ ಸಮೇತ ಮಗುಚಿ. ಕೈಯಲ್ಲಿ ಎತ್ತಲೇಬೇಡಿ. ಲಟ್ಟಿಸುವಾಗಲೂ ಒಂದೇ ದಿಕ್ಕಿಗೆ ಎಳೆಯದೆ ತಿರುಗಿಸಿ ತಿರುಗಿಸಿ ಲಟ್ಟಿಸಿ. 30 ಸೆಂ.ಮೀ. ಕುಂಡಕ್ಕೆ 8ರಿಂದ 10 ಮಿ.ಮೀ. ದಪ್ಪ ಸಾಕು. ತಳಕ್ಕೂ ಗೋಡೆಗೂ ದಪ್ಪ ಒಂದೇ ಇದ್ದರೆ ಅರ್ಧ ತಲೆನೋವು ಕಡಿಮೆ.

ಮಣ್ಣು ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಬೆಂದು ಕಲ್ಲಿನಂತಾಗುವ ಮಣ್ಣು) ಆಗಲಿ, ಗ್ರಾಗ್ ಇರುವಂಥದ್ದು. ಗ್ರಾಗ್ ಅಂದರೆ ಮೊದಲೇ ಸುಟ್ಟು ಪುಡಿ ಮಾಡಿದ ಮಣ್ಣು. ಅದು ಮತ್ತೆ ಕುಗ್ಗುವುದಿಲ್ಲ, ಹಾಗಾಗಿ ಒಟ್ಟಾರೆ ಕುಗ್ಗುವುದೂ ಬಾಗುವುದೂ ಕಡಿಮೆ. ಬಟ್ಟಲು ಮಾಡುವ ನುಣುಪು ಮಣ್ಣಲ್ಲಿ ಉದ್ದದ ಕುಂಡ ಮಾಡಲು ಹೋಗಬೇಡಿ, ನಾನು ಹೋಗಿ ಬಂದಿದ್ದೇನೆ.

ಅಳತೆಯಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಹಸಿ ಮಣ್ಣಿನ ಪಟ್ಟಿ ಮೇಲೆ 10 ಸೆಂ.ಮೀ. ಗೆರೆ ಎಳೆದು ಪೂರ್ತಿ ಸುಟ್ಟು ಅಳೆಯಿರಿ. 8.8 ಬಂದರೆ ನಿಮ್ಮ ಮಣ್ಣು 12% ಕುಗ್ಗುತ್ತದೆ. ಈಗ 30 ಸೆಂ.ಮೀ. ಕುಂಡ ಬೇಕು ಅಂದರೆ 30ಕ್ಕೆ 12% ಸೇರಿಸಿ 33.6 ಮಾಡಬೇಡಿ, 30ನ್ನು 0.88ರಿಂದ ಭಾಗಿಸಿ. 34.1 ಬರುತ್ತದೆ. ಅರ್ಧ ಸೆಂ.ಮೀ. ತಾನೇ ಅನ್ನಿಸಬಹುದು, ಆದರೆ ಅಳತೆ ಮಾಡಿಟ್ಟ ಬೇರಿನ ಗಡ್ಡೆ ಒಳಗೆ ಕೂರದಿದ್ದಾಗ ಗೊತ್ತಾಗುತ್ತದೆ.

ಒಣಗಿಸುವುದರಲ್ಲಿ ಮಾತ್ರ ಅವಸರ ಬೇಡವೇ ಬೇಡ. ಮೂಲೆ ಮತ್ತು ಬಾಯಿಯ ಅಂಚು ಮೊದಲು ಒಣಗುತ್ತವೆ, ತಳದ ನಡುಭಾಗ ಕೊನೆಗೆ. ಒಂದೇ ಕುಂಡದಲ್ಲಿ ಒಂದು ಕಡೆ ಕುಗ್ಗಿ ಮುಗಿದಿದೆ, ಇನ್ನೊಂದು ಕಡೆ ಶುರುವೇ ಆಗಿಲ್ಲ, ಅಂದ ಮೇಲೆ ಸೊಟ್ಟಗಾಗದೆ ಇನ್ನೇನು? ಅಂಚಿಗೆ ಪ್ಲಾಸ್ಟಿಕ್ ಸುತ್ತಿ ತಳಕ್ಕೆ ಗಾಳಿ ಆಡಲು ಬಿಡಿ, ಗಟ್ಟಿಯಾದ ಮೇಲೆ ಬೋರಲು ಹಾಕಿ. ನಾನು ದೊಡ್ಡದಕ್ಕೆ ಎರಡು ವಾರ ಕೊಡುತ್ತೇನೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಸುಡುವಾಗ ಕುಂಡವನ್ನು ನೇರ ತಟ್ಟೆ ಮೇಲೆ ಇಡಬೇಡಿ. ಅದೇ ಮಣ್ಣಿನದೊಂದು ತೆಳು ಹಲಗೆ ಮಾಡಿ, ಮೇಲೆ ಅಲ್ಯೂಮಿನಾ ಪುಡಿ ಉದುರಿಸಿ, ಅದರ ಮೇಲೆ ಇಡಿ. ಕುಂಡದಷ್ಟೇ ಹಲಗೆಯೂ ಕುಗ್ಗುವುದರಿಂದ ಕಾಲುಗಳು ಎಳೆದಾಡುವುದಿಲ್ಲ. ಆದರೆ ಇದಕ್ಕೆ ಹಲಗೆಯೂ ಹಸಿಯಾಗಿರಬೇಕು, ಕುಂಡದ ಜೊತೆಗೇ ಬಿಸ್ಕ್‌ಗೆ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆ) ಹೋಗಿ ಜೊತೆಗೇ ಗ್ಲೇಜ್ ಸುಡುವಿಕೆಗೂ ಹೋಗಬೇಕು. ಒಮ್ಮೆ ಪೂರ್ತಿ ಬೆಂದ ಹಲಗೆ ಮತ್ತೆ ಕುಗ್ಗುವುದಿಲ್ಲ. ಉದ್ದದ ಕುಂಡಕ್ಕೆ ಕಾಲು ನಾಲ್ಕು ಮೂಲೆಗೆ ಮಾತ್ರ ಇದ್ದರೆ ನಡು ಕೆಳಗೆ ಕುಸಿಯುತ್ತದೆ, ಅಲ್ಲಿಗೂ ಅದೇ ಮಣ್ಣಿನ ಆಸರೆ ಕೊಡಿ.

ಉತ್ತರ 2:

ನಾನು ಗಿಡದ ಕಡೆಯವನು, ಮಣ್ಣು ಆಮೇಲೆ ಕಲಿತದ್ದು. ಒಂದು ವಿಷಯ ಮಾತ್ರ ಹೇಳುತ್ತೇನೆ. ಹೊರಗಿನ ಬಣ್ಣದ ಬಗ್ಗೆ ಯೋಚಿಸುವ ಮೊದಲು ಕುಂಡವನ್ನು ಒಳಗಿನಿಂದ, ಬೇರಿನ ಕಡೆಯಿಂದ ನೋಡಿ.

ತಳ ನೀರು ನಿಲ್ಲದ ಹಾಗಿರಬೇಕು. ನಡುವೆ ತಗ್ಗಾಗಿ ತೂತು ಪಕ್ಕದಲ್ಲಿದ್ದರೆ ಆ ತಗ್ಗಲ್ಲಿ ಬೇರು ಕೊಳೆಯುತ್ತದೆ. ನಾನು ಒಣಗುವ ಮೊದಲೇ ಒಂದು ಲೋಟ ನೀರು ಹುಯ್ದು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿದ್ದೆ. ಒಂದು ಸಲ ತಳವೇ ಕರಗಿ ಕೈಗೆ ಬಂತು! ಈಗ ಹಸಿಯಲ್ಲಿ ಗೋಲಿ ಬಿಟ್ಟು ನೋಡುತ್ತೇನೆ. ನೀರು ಬಿಸ್ಕ್ ಆದ ಮೇಲೆ.

ತೂತು ದೊಡ್ಡದೇ ಇರಲಿ, ಸುಟ್ಟ ಮೇಲೆ ಕಿರಿದಾಗುತ್ತದೆ. ಅದರ ಜೊತೆ ತಂತಿಗೆ ನಾಲ್ಕು ಸಣ್ಣ ತೂತು ಬೇರೆ ಮಾಡಿ, ಗಿಡವನ್ನು ಕುಂಡಕ್ಕೆ ಕಟ್ಟದಿದ್ದರೆ ಗಾಳಿಗೆ ಅಲ್ಲಾಡಿ ಹೊಸ ಬೇರು ಹರಿಯುತ್ತದೆ. ನಿಮ್ಮ ಸೀಳಿಗೆ ಕಾರಣ ಬಹುಶಃ ಇಲ್ಲೇ ಇದೆ. ಮಣ್ಣು ತೊಗಲಿನಷ್ಟು ಗಟ್ಟಿಯಾದಾಗ ತೂತು ಕೊರೆಯಬೇಕು, ಕೊರೆದ ಅಂಚನ್ನು ಒದ್ದೆ ಸ್ಪಂಜಿನಿಂದ ಉಜ್ಜಿ ದುಂಡು ಮಾಡಬೇಕು. ಚೂಪಾದ ಅಂಚಲ್ಲಿ ಕಾಣದಷ್ಟು ಸಣ್ಣ ಗೀರು ಉಳಿದರೂ ಸೀಳು ಅಲ್ಲಿಂದಲೇ ಹೊರಡುತ್ತದೆ. ಎರಡು ತೂತಿನ ನಡುವೆ ಸಾಕಷ್ಟು ಜಾಗವೂ ಬೇಕು.

ಬಾಯಿ ಒಳಕ್ಕೆ ಬಾಗಿದ ಕುಂಡ ನೋಡಲು ಬಹಳ ಚೆಂದ. ಮಣ್ಣು ಬದಲಿಸುವಾಗ ಗಿಡ ಹೊರಗೆ ಬರುವುದಿಲ್ಲ, ಬೇರು ಕತ್ತರಿಸಿ ತೆಗೆಯಬೇಕು. ಒಂದು ಮಾಡಿದೆ, ಈಗ ಅದರಲ್ಲಿ ಪೆನ್ಸಿಲ್ ಇಟ್ಟಿದ್ದೇನೆ.

ಅಳತೆಗೆ ರೂಢಿಯ ಲೆಕ್ಕ: ಕುಂಡದ ಉದ್ದ ಮರದ ಎತ್ತರದ ಮೂರರಲ್ಲಿ ಎರಡು ಪಾಲು, ಆಳ ಕಾಂಡದ ಬುಡದ ದಪ್ಪದಷ್ಟು. ಪೈನ್, ಜೂನಿಪರ್‌ಗೆ ಗ್ಲೇಜ್ ಇಲ್ಲದ ಕಂದು, ಹೂವು ಬಿಡುವ, ಎಲೆ ಉದುರುವ ಮರಗಳಿಗೆ ಗ್ಲೇಜ್. ಜಪಾನಿನ ತೊಕೊನಾಮೆ, ಚೀನಾದ ಯಿಶಿಂಗ್ ಕಡೆಯ ಗ್ಲೇಜ್ ಇಲ್ಲದ ಹಳೆ ಕುಂಡಗಳ ಫೋಟೋ ಹುಡುಕಿ ನೋಡಿ, ಬರೀ ಆಕಾರ ಮತ್ತು ಮಣ್ಣಿನ ಬಣ್ಣದಲ್ಲೇ ಎಷ್ಟು ಸಾಧಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಉತ್ತರ 3:

ಗ್ಲೇಜ್ ಬಗ್ಗೆ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ತಟ್ಟೆಗೆ ಅಂಟಿದ್ದು ಗ್ಲೇಜ್ ತಪ್ಪೋ ಕಿಲ್ನ್ ತಪ್ಪೋ ಅಂತ ಮೊದಲು ತಿಳಿದುಕೊಳ್ಳಿ. ಕಂಟ್ರೋಲರ್ ತೋರಿಸುವ ಅಂಕಿ ನಂಬಬೇಡಿ. ಕೋನ್ 6 ಅಂದರೆ ಸುಮಾರು 1220 ಡಿಗ್ರಿ, ಆದರೆ ಕೋನ್ ಬಾಗುವುದು ಬಿಸಿ ಮತ್ತು ಸಮಯ ಎರಡೂ ಸೇರಿ. ಅದೇ 1220ರಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಗ್ಲೇಜ್ ಇನ್ನೂ ಜಾಸ್ತಿ ಕರಗುತ್ತದೆ. ಪ್ರತಿ ತಟ್ಟೆಯಲ್ಲಿ ಒಂದು ಕೋನ್ ಇಡಿ. ನನ್ನ ಕಿಲ್ನ್ ಕೆಳಗಿಂತ ಮೇಲೆ ಒಂದು ಕೋನ್ ಹೆಚ್ಚು ಬಿಸಿ ಅಂತ ಗೊತ್ತಾಗಲು ಮೂರು ವರ್ಷ ಬೇಕಾಯಿತು, ಅಷ್ಟೂ ದಿನ ಗ್ಲೇಜನ್ನು ಬೈಯುತ್ತಿದ್ದೆ.

ಕೋನ್ 10ರ (ಇನ್ನೂ ಹೆಚ್ಚು ಬಿಸಿಯ) ಹಳೆಯ ಗ್ಲೇಜ್ ಲೆಕ್ಕ ಒಂದಿದೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 20, ಕೆಯೋಲಿನ್ (ಬಿಳಿ ಜೇಡಿಮಣ್ಣು) 10. ಎಲ್ಲ ಕಡೆ ಸಿಗುತ್ತದೆ, ನೋಡಿ ನಿಮ್ಮ ಕಿಲ್ನ್‌ಗೆ ಹಾಕಿಬಿಡಬೇಡಿ. ಕೋನ್ 6ರಲ್ಲಿ ಅದು ಸರಿಯಾಗಿ ಕರಗದು. ನಿಮಗೆ ಬೋರಾನ್ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ, ಬೇಗ ಕರಗುವ ಗಾಜು) ಇರುವ ಗ್ಲೇಜ್ ಬೇಕು. ಕೋನ್ 6ಕ್ಕೇ ಮಾಡಿದ ಒಂದು ಮ್ಯಾಟ್ (ಹೊಳಪಿಲ್ಲದ) ಗ್ಲೇಜ್ ಹಿಡಿದುಕೊಂಡು ಬಣ್ಣ ಮಾತ್ರ ಬದಲಿಸುತ್ತಾ ಹೋಗಿ. ಕೋಬಾಲ್ಟ್ ಕಾರ್ಬೊನೇಟ್ ಅರ್ಧದಿಂದ 1% ಹಾಕಿದರೆ ನೀಲಿ, ತಾಮ್ರದ ಕಾರ್ಬೊನೇಟ್ 2ರಿಂದ 4% ಹಸಿರು, ಕಬ್ಬಿಣದ ಆಕ್ಸೈಡ್ 8ರಿಂದ 10% ಕಡುಗಂದು. ತಾಮ್ರ, ಕಬ್ಬಿಣ ಹೆಚ್ಚಾದರೆ ಗ್ಲೇಜ್ ಇನ್ನಷ್ಟು ತೆಳುವಾಗಿ ಓಡುತ್ತದೆ, ಹುಷಾರು. ಗ್ಲೇಜ್ ಪರೀಕ್ಷೆಗೆ ಮಾಡುವ ಮಣ್ಣಿನ ಬಿಲ್ಲೆ ಸುಡುವಾಗ ಮಲಗಿಸಬೇಡಿ, ನಿಲ್ಲಿಸಿ ಸುಡಿ. ಮಲಗಿದ ಬಿಲ್ಲೆಯಲ್ಲಿ ಗ್ಲೇಜ್ ಎಲ್ಲಿಗೆ ಓಡೀತು?

ಕಾಲಿಗೆ, ತಳಕ್ಕೆ ಮೇಣ ಹಚ್ಚಿ, ಕೆಳಗಿನಿಂದ 6–8 ಮಿ.ಮೀ. ಬಿಡಿ. ಗ್ಲೇಜ್ ಹಚ್ಚುವ ಮೊದಲು ಬಿಸ್ಕನ್ನು ಒದ್ದೆ ಸ್ಪಂಜಿನಿಂದ ಒರೆಸಿ. ಧೂಳು ಅಥವಾ ಕೈಯ ಎಣ್ಣೆ ಇದ್ದ ಕಡೆ ಗ್ಲೇಜ್ ಮುದ್ದೆಯಾಗಿ ಹಿಂದೆ ಸರಿಯುತ್ತದೆ. ಒಳಗೆ ಅಂಚಿನಿಂದ ಒಂದು ಬೆರಳಷ್ಟು ಕೆಳಗೆ ಬಂದರೆ ಸಾಕು, ಉಳಿದದ್ದು ಬರೀ ಮಣ್ಣೇ ಇರಲಿ.

ಪುಡಿ ಕಲಸುವಾಗ ಮಾಸ್ಕ್ ಹಾಕಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಉತ್ತರ 4:

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ, ನನ್ನದು ಸ್ವಲ್ಪ ತಕರಾರು. ಈಗಲೇ ಗ್ಲೇಜ್ ಯಾಕೆ? ಮೊದಲ ಹತ್ತು ಕುಂಡಕ್ಕೆ ಕಬ್ಬಿಣದ ಆಕ್ಸೈಡ್ ನೀರಲ್ಲಿ ಕಲಸಿ ಬಳಿದು ಸ್ಪಂಜಿನಿಂದ ಒರೆಸಿ ಸುಡಿ. ಗೀರುಗಳಲ್ಲಿ ಮಾತ್ರ ಕಪ್ಪು ಉಳಿದು ಹಳೆ ಕುಂಡದ ಹಾಗೆ ಕಾಣುತ್ತದೆ, ಅಂಟುವ ಭಯವೂ ಇಲ್ಲ.

ಹಿಮ ಬೀಳುವ ಕಡೆ ಇರುವವರು ಮಣ್ಣು ಎಷ್ಟು ನೀರು ಕುಡಿಯುತ್ತದೆ ಅಂತ ನೋಡಿಕೊಳ್ಳಿ. ಸುಟ್ಟ ತುಂಡು ಒಣಗಿದ್ದಾಗ ತೂಗಿ, ಒಂದೆರಡು ಗಂಟೆ ಕುದಿಸಿ, ರಾತ್ರಿ ನೀರಲ್ಲೇ ಬಿಟ್ಟು, ಒರೆಸಿ ಮತ್ತೆ ತೂಗಿ. 500 ಗ್ರಾಂ 510 ಆದರೆ 2%, ಅಷ್ಟರೊಳಗೆ ಇದ್ದರೆ ಒಳ್ಳೆಯದು. ಹೆಪ್ಪುಗಟ್ಟಿದ ನೀರು ಸುಮಾರು 9% ಹಿಗ್ಗುತ್ತದೆ, ಕುಂಡ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಸ್ಲ್ಯಾಬ್ ಎರಡು ಕೈಯಲ್ಲಿ ಎತ್ತುತ್ತಿದ್ದೆ, ಬೆರಳಿನ ಗುರುತು ಹೋಗಲಿ ಅಂತ ಮತ್ತೆ ತಟ್ಟುತ್ತಲೂ ಇದ್ದೆ! ಇನ್ನೊಂದು ಕೇಳಲಾ? ಕಾಲು ಮುರಿದ ಕುಂಡಕ್ಕೆ ಹಸಿ ಮಣ್ಣಿನ ಕಾಲು ಅಂಟಿಸಿ ಮತ್ತೆ ಸುಟ್ಟರೆ ಹೇಗೆ?

ಉತ್ತರ 1:

ಹಿಡಿಯಲ್ಲ. ಕುಂಡ ಕುಗ್ಗಿ ಮುಗಿದಿದೆ, ಹಸಿ ಕಾಲು ಇನ್ನು ಕುಗ್ಗಬೇಕು, ಉದುರಿಹೋಗುತ್ತದೆ. ಮುರಿದ ಕಾಲನ್ನೇ ಎಪಾಕ್ಸಿ ಹಾಕಿ ಅಂಟಿಸಿ. ತಳದಲ್ಲಿ ಉಳಿದ ಗ್ಲೇಜ್ ಹನಿಗಳನ್ನು ಸಾಣೆಕಲ್ಲಿನಲ್ಲಿ ನೀರು ಹಾಕಿ ಉಜ್ಜಿ, ಕನ್ನಡಕ ಹಾಕಿಕೊಂಡು. ಅವು ಗಾಜಿನ ಚೂರೇ.