ಸೇನೆ ವಾಪಸ್ ಹೋದ ಮೇಲೂ ಹೊಣೆ ಉಳಿಯುತ್ತದಾ? ಲಾವೋಸ್ ಬಾಂಬುಗಳ ವಿಚಾರ

ತೀರ್ಥಹಳ್ಳಿ ಓದುಗ: ಮುಂದಿನ ವಾರ ಶಿವಮೊಗ್ಗದ ಚರ್ಚಾಕೂಟಕ್ಕೆ ಈ ವಿಷಯ ಇಟ್ಟಿದ್ದಾರೆ. ಅಮೆರಿಕ 1964ರಿಂದ 1973ರವರೆಗೆ ಲಾವೋಸ್ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಗುರಿ, ವಿಯೆಟ್ನಾಂ ಯುದ್ಧದಲ್ಲಿ ಉತ್ತರ ವಿಯೆಟ್ನಾಂ ಸೇನೆ ಲಾವೋಸ್ ಮೂಲಕ ಆಳು-ಸಾಮಾನು ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿಯಂಥ ಸೇನಾ ನೆಲೆಗಳು, ರೈತರಲ್ಲ ಎಂಬ ವಾದ ಇದೆ. ಹಾಗಾದರೆ ಇವತ್ತು ಗದ್ದೆ ಅಗೆಯುವಾಗ ಸಿಡಿದು ಸತ್ತವರ ಸಾವು ಯಾರ ತಲೆಗೆ? ವಾದಕ್ಕೆ ನಿಲ್ಲುವಂಥ ವಿವರ ಬೇಕು.

ಕೊಡಚಾದ್ರಿ ತಪ್ಪಲು: ಉದ್ದೇಶದಿಂದ ಶುರು ಮಾಡಬೇಡಿ, ಬಾಂಬಿನಿಂದ ಶುರು ಮಾಡಿ. ಒಂದು ಕ್ಲಸ್ಟರ್ ಬಾಂಬಿನ ಡಬ್ಬಿಯೊಳಗೆ ಸುಮಾರು 670 ಪುಟ್ಟ ಬಾಂಬಿನ ಗುಂಡು, ಒಂದೊಂದೂ ಟೆನಿಸ್ ಚೆಂಡಿನಷ್ಟು. ಅಲ್ಲಿನವರು ‘ಬಾಂಬಿ’ ಅನ್ನುತ್ತಾರೆ. ಬೀಳುವಾಗ ಗಿರಗಿರ ತಿರುಗಿದರಷ್ಟೇ ಅದರ ಫ್ಯೂಸ್, ಅಂದರೆ ಸಿಡಿಸುವ ಕೀಲು, ಸಜ್ಜಾಗುತ್ತದೆ. ಬಿದಿರು ಮೆಳೆಗೆ ಸಿಕ್ಕಿಕೊಂಡರೆ, ಕೆಸರಿಗೆ ಮೆತ್ತಗೆ ಬಿದ್ದರೆ ಸಿಡಿಯದೆ ಹಾಗೇ ಕೂರುತ್ತದೆ. ಗುದ್ದಲಿ ತಾಗಿದ ದಿನ ಸಿಡಿಯುತ್ತದೆ. ಬಿದ್ದದ್ದು ಅಂದಾಜು 27 ಕೋಟಿ, ಸಿಡಿಯದೆ ಉಳಿದದ್ದು 8 ಕೋಟಿಯವರೆಗೆ.

ನಮ್ಮ ಕಡೆ ಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆಯನ್ನು ಆಕಳು ಕಚ್ಚಿದರೆ, ‘ನಾನಿಟ್ಟದ್ದು ಹಂದಿಗೆ’ ಅಂದರೆ ಯಾರು ಒಪ್ತಾರೆ ಮಾರಾಯ್ರೆ? ಆಕಳು ಅಲ್ಲೇ ಮೇಯುತ್ತದೆ ಅಂತ ಗೊತ್ತಿದ್ದೇ ಇಟ್ಟದ್ದಲ್ವಾ?

ವರದಾ: ಯುದ್ಧ ಸರಿಯೋ ತಪ್ಪೋ ಅನ್ನುವುದು ಒಂದು, ಬಿಟ್ಟುಹೋದದ್ದನ್ನು ತೆಗೆಯುವುದು ಇನ್ನೊಂದು. ಎರಡನೆಯದಕ್ಕೆ ಮೊದಲನೆಯದರ ತೀರ್ಪು ಕಾಯಬೇಕಿಲ್ಲ. ಕ್ಲಸ್ಟರ್ ಬಾಂಬ್ ನಿಷೇಧ ಒಪ್ಪಂದ 2010ರ ಆಗಸ್ಟ್ 1ರಂದು ಜಾರಿಗೆ ಬಂತು. ಹಳೆಯ ಬಾಂಬುಗಳ ವಿಷಯದಲ್ಲಿ ಅದು, ಹಾಕಿದ ದೇಶ ನೆರವಾಗಲಿ ಎಂದು ಒತ್ತಿ ಹೇಳುತ್ತದೆ, ಅಷ್ಟೇ, ಕಡ್ಡಾಯ ಮಾಡುವುದಿಲ್ಲ. ಅಮೆರಿಕ ಅದಕ್ಕೆ ಸೇರಿಲ್ಲ, ಭಾರತವೂ ಸೇರಿಲ್ಲ. ಕಾನೂನು ಕೈಬಿಟ್ಟ ಈ ಜಾಗದಲ್ಲೇ ನೈತಿಕ ಹೊಣೆಯ ಮಾತು ಬರುವುದು. 2016ರಲ್ಲಿ ಲಾವೋಸ್‌ಗೆ ಹೋದ ಒಬಾಮ ‘ನೈತಿಕ ಬಾಧ್ಯತೆ’ ಎಂದೇ ಹೇಳಿ, ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು.

ಅಂಬುತೀರ್ಥ: ದುಡ್ಡು ಕೊಟ್ಟರೂ ಕೆಲಸ ಯಾಕೆ ಮುಗಿಯುವುದಿಲ್ಲ ಅನ್ನುವುದನ್ನೂ ಹೇಳಿ. ಜಾಗಕ್ಕೆ ಹಗ್ಗ ಕಟ್ಟಿ ಪಟ್ಟಿ ಮಾಡಿಕೊಂಡು ಲೋಹ ಪತ್ತೆ ಮಾಡುವ ಡಿಟೆಕ್ಟರ್ ಆಡಿಸುತ್ತಾರೆ. ಸದ್ದು ಬಂದಲ್ಲಿ ಮೇಲಿಂದ ಅಗೆಯುವಂತಿಲ್ಲ, ಪಕ್ಕದಿಂದ ಮೆಲ್ಲಗೆ ಮಣ್ಣು ಬಿಡಿಸಬೇಕು. ಮೊಳೆಗೂ ಅದೇ ಸದ್ದು, ತಗಡಿನ ಚೂರಿಗೂ ಅದೇ. ಬಾಂಬಿ ಸಿಕ್ಕರೆ ಎತ್ತುವುದಿಲ್ಲ, ಬೇರೆ ಸ್ಫೋಟಕ ಪಕ್ಕಕ್ಕಿಟ್ಟು ಅಲ್ಲೇ ಸಿಡಿಸುತ್ತಾರೆ. ವಿಮಾನ ಎಲ್ಲಿ ಹಾಕಿತು ಅನ್ನುವ ಹಳೆಯ ದಾಖಲೆಯಿಂದ ಹುಡುಕುವ ಜಾಗ ಕಿರಿದಾಗುತ್ತದೆ, ಆದರೆ ಗುಂಡು ನೆರೆಯಲ್ಲಿ ಕೊಚ್ಚಿಹೋಗಿದ್ದರೆ ದಾಖಲೆಗೆ ಸಿಗುವುದಿಲ್ಲ. ಅಂದರೆ ಹೊಣೆ ಅನ್ನುವುದು ಒಂದು ಸಲದ ಚೆಕ್ಕಲ್ಲ. ದಾಖಲೆ, ವರ್ಷ ವರ್ಷದ ಹಣ, ಕಾಲು ಹೋದವರಿಗೆ ಕೃತಕ ಕಾಲು, ಎಲ್ಲ ಸೇರಿದ್ದು.

ಎದುರು ತಂಡದವರು 1987–90ರ ಶ್ರೀಲಂಕಾ ಎತ್ತುತ್ತಾರೆ, ಖಂಡಿತ. ಶಾಂತಿಪಾಲನೆಗೆಂದು ಅಲ್ಲಿಗೆ ಹೋದದ್ದು ನಮ್ಮದೇ ಸೇನೆ. ಅದಕ್ಕೂ ಇದೇ ಅಳತೆ ಹಿಡಿಯಲು ತಯಾರಾಗಿ ಹೋಗಿ.